ಬತ್ತಾವ್ಳೆ ಬಂಡೆ

ಕೊಂಡ್ಲಗೆರೆಯ ಸಂತೆಬೀದಿ ದಾಟಿ ಕೆರೆಯ ಏರಿಯ ಮೇಲೆ ನಡೆದರೆ, ಏರಿ ಮುಗಿಯುವಲ್ಲಿ ಎರಡು ಹೆಬ್ಬಂಡೆಗಳು ಒಂದಕ್ಕೊಂದು ಹಣೆ ಆನಿಸಿಕೊಂಡು ನಿಂತಿವೆ. ನಡುವೆ ಒಂದು ಕರಿಸೀಳು. ಆಡಿನ ಮರಿ ನುಸುಳಬಹುದು, ಮೈ ಕುಗ್ಗಿಸಿಕೊಂಡರೆ ಒಬ್ಬ ಮನುಷ್ಯನೂ ನುಸುಳಬಹುದು; ಒಳಗೆ ಎಷ್ಟು ದೂರವಿದೆ ಎಂದು ನೋಡಿ ಬಂದು ಹೇಳಿದವರಿಲ್ಲ. ಇದಕ್ಕೆ ಬತ್ತಾವ್ಳೆ ಬಂಡೆ ಎಂದು ಹೆಸರು. ನಮ್ಮೂರಿಗೆ ಬಂದ ನೆಂಟರೆಲ್ಲ ತಪ್ಪದೆ ಕೇಳುತ್ತಾರೆ: ಯಾರು ಬರುತ್ತಾಳೆ? ಎಲ್ಲಿಂದ? ಖಜಾನೆ ಇಲಾಖೆಯಿಂದ ನಿವೃತ್ತನಾದ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳುವುದೇ ನನಗೊಂದು ಹಬ್ಬ. ಕಾಫಿ ಆರಿದರೂ ಚಿಂತೆಯಿಲ್ಲ, ಕೇಳಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೇ ಇರಬೇಕು, ಈ ಊರಿನಲ್ಲಿ ಬರೆದಿಡುವ ಪದ್ಧತಿ ಇರಲಿಲ್ಲ ಎನ್ನುತ್ತಾರೆ. ಯಾರ ಸರದಿಗೆ ಕೆರೆನೀರು, ಯಾವ ನ್ಯಾಯ ಹೇಗೆ ತೀರಿತು, ಎಲ್ಲವನ್ನೂ ಒಬ್ಬರು ನೆನಪಿನಲ್ಲಿಟ್ಟುಕೊಂಡು ಸಭೆಯ ಕಟ್ಟೆಯ ಮೇಲೆ ನಿಂತು ಸಾರಬೇಕು. ಇಂದಿನ ಸೆಕ್ರೆಟರಿ ಎಂದುಕೊಳ್ಳಿ. ಆ ಹುದ್ದೆಗೆ ಊರುನಾಲಿಗೆ ಎಂದು ಹೆಸರು. ಊರುನಾಲಿಗೆ ಸುಳ್ಳಾಡಬಾರದು, ಸಾರಲು ಹಿಡಿದ ಮಾತನ್ನು ಅರ್ಧಕ್ಕೆ ಬಿಡಬಾರದು. ಹರೆಯದಲ್ಲೇ ಈ ಕೆಲಸಕ್ಕೆ ನಿಂತ ಚಿಕ್ಕೀರಮ್ಮ ಹಲ್ಲುದುರುವವರೆಗೂ ಅದನ್ನು ನಡೆಸಿದಳಂತೆ. ಹುಣಸೇಮರಕ್ಕಾಗಿ ಕಾದಾಡುತ್ತಿದ್ದ ಅಣ್ಣತಮ್ಮಂದಿರಿಗೆ, ಅವರ ತಾತ ತನ್ನ ಮದುವೆಯ ಚಪ್ಪರದಲ್ಲಿ ಆಡಿದ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿ ಬಾಯಿ ಕಟ್ಟಿಸಿದ್ದಳು. "ಚಿಕ್ಕೀರಮ್ಮನ ಮುಂದೆ ಸುಳ್ಳು ಹೇಳ್ಬೇಕಾರೆ, ಓದ್ಸಲ ಯಾವ ಸುಳ್ಳು ಹೇಳಿದ್ದೆ ಅಂತ ಅವಳನ್ನೇ ಕೇಳ್ಕಬೇಕು ಕಣ್ರಲಾ" ಎಂದು ಗಂಡಸರು ನಗುತ್ತಿದ್ದರಂತೆ.

ಅವಳಿಗೆ ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದವನು ಮೂಡ್ಲಗಿರಿ. ಮಗುವಿಗೆ ಅವಳು ಕಲಿಸಿದ ಮೊದಲ ಪಾಠ ಹೀಗಿತ್ತು: ಮುಸ್ಸಂಜೆಯಲ್ಲಿ ಕೂಗುವವರೆಲ್ಲ ಮನುಷ್ಯರಲ್ಲ, ಪೀಡೆಗೆ ಎರಡು ಸಲ ಕೂಗುವಷ್ಟೇ ತ್ರಾಣ, ಮೂರನೆಯ ಕೂಗು ಹೆತ್ತವಳದು. ಅದು ಕೇಳುವವರೆಗೆ ಓಗೊಡಬೇಡ. ಹುಡುಗ ತಾಯಿಯ ಮಾತು ಮೀರುವವನಲ್ಲ. ಒಂದು ಮಳೆಗಾಲದ ಸಂಜೆ ಆಡಿನ ಮರಿಯ ಹಿಂದೆ ಹೋದವನು ಮನೆಗೆ ಬರಲಿಲ್ಲ. ಚಿಕ್ಕೀರಮ್ಮ ಹುಡುಕುತ್ತ ಈ ಬಂಡೆಯ ಬಳಿಗೆ ಬಂದು, ಸೀಳಿಗೆ ಬಾಯಿಟ್ಟು, "ಮೂಡ್ಲಗಿರೀ" ಎಂದು ಎರಡು ಸಲ ಕೂಗಿದಳು. ಅಷ್ಟರಲ್ಲಿ ಜನ ಓಡಿಬಂದರು. "ಏರಿ ಬಿರೀತೈತೆ ಕಣವ್ವಾ! ನೀನು ಹೆಸರು ಕೂಗ್ದಿದ್ರೆ ಯಾವ ಮನೆಯೋರು ಎಲ್ಲಿ ಮಣ್ಣಾಕ್ಬೇಕೋ ಯಾರಿಗೂ ತಿಳಿಯಾಕಿಲ್ಲ!" ಅವಳು ಓಡಿದಳು. ಮನೆಮನೆಯ ಹೆಸರು ಕೂಗಿ ಜನ ಕೂಡಿಸಿದಳು. ಏರಿ ನಿಂತಿತು, ಊರು ಉಳಿಯಿತು. ಬೆಳಕು ಹರಿದ ಮೇಲೆ ಬಂದು ನೋಡಿದರೆ ಸೀಳಿನ ಬಾಯಲ್ಲಿ ಆಡಿನ ಮರಿಯೊಂದೇ ನಿಂತಿತ್ತು. ಊರಿನ ಗಂಡಸರು ಹಗ್ಗ ಕಟ್ಟಿಕೊಂಡು ಒಳಗಿಳಿದರು. ಹಗ್ಗ ಮುಗಿಯಿತೇ ಹೊರತು ಸೀಳು ಮುಗಿಯಲಿಲ್ಲ.

ಅಲ್ಲಿಂದ ಮುಂದೆ ದಿನವೂ ಸಂಜೆ ಅವಳು ಬಂಡೆಗೆ ಬರುತ್ತಿದ್ದಳು. ಎರಡು ಸಲ ಕೂಗಿ ಹಿಂದಿರುಗುತ್ತಿದ್ದಳು. ಮೂರನೆಯದನ್ನು ಕೂಗಲಿಲ್ಲ. ಕೂಗಿಯೂ ಓ ಎನ್ನದಿದ್ದರೆ ಅಲ್ಲಿಗೆ ಮಗ ಇಲ್ಲವೆಂದೇ ಆಯಿತಲ್ಲ! ಕೂಗದಿರುವಷ್ಟು ದಿನ ಅವನು ಒಳಗೆ, ತಾಯಿ ಕಲಿಸಿದಂತೆ, ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆ. ಹೆಣ್ಣುಮಕ್ಕಳ ಮದುವೆಯಾಯಿತು, ಮೊಮ್ಮಕ್ಕಳು ಮಕ್ಕಳನ್ನು ಹೆತ್ತರು, ಅವಳ ಕಿವಿ ಪೂರ್ತಿ ಮಂದವಾಯಿತು. ತುಟಿಯ ಚಲನೆ ನೋಡಿ ಮಾತು ತಿಳಿಯುವಂತಾಯಿತು. ಕೊನೆಗೆ ತಾನು ಪಳಗಿಸಿದ ಕೆಂಪಾಜಮ್ಮನಿಗೆ ಊರುನಾಲಿಗೆಯ ಕೆಲಸ ಒಪ್ಪಿಸುವ ದಿನ ಬಂತು. "ಅರ್ಧ ಕೂಗಿದ ಕೂಗ ಮಡಿಕ್ಕಂಡು ಕಟ್ಟೆ ಇಳಿಯಾಕಾಗಕಿಲ್ಲ" ಎಂದು ಮುದುಕಿ ಊರನ್ನೆಲ್ಲ ಕರೆದುಕೊಂಡು ಬಂಡೆಗೆ ಬಂದಳು. ಎರಡು ಕೂಗು ಕೂಗಿದಳು. ತಡೆದಳು. ಮೂರನೆಯದನ್ನೂ ಕೂಗಿಬಿಟ್ಟಳು.

"ಓ... ಅವ್ವಾ."

ನಿದ್ದೆಯಿಂದ ಎದ್ದ ಎಳೆಮಗುವಿನ ದನಿ. ನೆರೆದವರೆಲ್ಲ ಕೇಳಿದರು. ಅವಳೊಬ್ಬಳಿಗೆ ಕೇಳಲಿಲ್ಲ.

ಅವಳು ತಿರುಗಿ ಕೆಂಪಾಜಮ್ಮನ ತುಟಿಯನ್ನೇ ನೋಡುತ್ತ, "ಓ ಅಂದ್ನೇನೆ?" ಎಂದಳು. ಹೌದೆಂದರೆ ಮುದುಕಿ ಆ ಕತ್ತಲೆಗೆ ನುಗ್ಗುವುದು ಖಂಡಿತ. ಕೆಂಪಾಜಮ್ಮ "ಇಲ್ಲ ಕಣವ್ವ" ಎಂದಳು.

"ಊರುನಾಲಿಗೆ ಸುಳ್ಳಾಡಾಕಿಲ್ಲ, ಅಲ್ವೇ?"

"ಇಲ್ಲ."

"ಹಂಗಾರೆ ಸರಿ" ಎಂದು ಚಿಕ್ಕೀರಮ್ಮ ಮನೆಗೆ ಬಂದಳು. ಆಸೆ ತೀರುವಷ್ಟು ಅತ್ತಳು, ಮುದ್ದೆ ಉಂಡು ಮಲಗಿದಳು. ಮುಂದೆ ಬಹುಕಾಲ ಮರಿಮಕ್ಕಳಿಗೆ ಕತೆ ಹೇಳಿಕೊಂಡು ನೆಮ್ಮದಿಯಾಗಿ ಬದುಕಿ ಕಣ್ಣು ಮುಚ್ಚಿದಳಂತೆ. ಆದರೆ ಬಂಡೆಯೊಳಗಿನ ದನಿ ನಿಲ್ಲಲಿಲ್ಲ. ಮೂರು ಕೂಗೂ ಆಗಿತ್ತಲ್ಲ, ಓಗೊಡಲು ಅಪ್ಪಣೆ ಸಿಕ್ಕಿತ್ತು. "ಓ... ಎಲ್ಲಿದ್ದೀಯವ್ವಾ?" ಎಂದು ಸಂಜೆ ಸಂಜೆಗೆ ಅದು ಕೇಳತೊಡಗಿತು. ದನಕರು ಆ ದಾರಿಯಲ್ಲಿ ಕಾಲಿಡದಾದವು. ಕೊನೆಗೆ ಕೆಂಪಾಜಮ್ಮನೇ ಹೋಗಿ ಸೀಳಿಗೆ ಬಾಗಿ, "ಬತ್ತಾವ್ಳೆ ಕಣಪ್ಪಾ, ನಿಮ್ಮವ್ವ ದಾರೀಲವ್ಳೆ" ಎಂದಳು. ದನಿ ಅಂದಿನ ಮಟ್ಟಿಗೆ ಸುಮ್ಮನಾಯಿತು. ಬಂಡೆಗೆ ಆ ಹೆಸರು ನಿಂತದ್ದು ಹೀಗೆ ಎನ್ನುತ್ತಾರೆ.

ಸಂಜೆ ಅಲ್ಲಿಗೆ ಹೋದವರು ಈಗಲೂ ಒಬ್ಬ ಹೆಣ್ಣುಮಗಳನ್ನು ಕಾಣಬಹುದು. ಕೆಂಪಾಜಮ್ಮನ ವಂಶದ ರಂಗಲಕ್ಷ್ಮಿ, ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಆಫೀಸು ಮುಗಿಸಿ, ಸ್ಕೂಟರನ್ನು ಏರಿಯ ಮೇಲೆ ನಿಲ್ಲಿಸಿ, ಬಂಡೆಗೆ ಬಾಗಿ ಅದೊಂದು ಮಾತು ಹೇಳಿ ಹೋಗುತ್ತಾಳೆ. ಹೋದ ತಿಂಗಳು ನಾನು ತಡೆದು ಕೇಳಿದೆ: "ಅಲ್ಲಮ್ಮಾ, ಆ ತಾಯಿ ಹೋಗಿ ಎಷ್ಟೋ ತಲೆಮಾರಾಯಿತು. ಮಗುವಿಗೆ ನಿಜ ಹೇಳಿಬಿಡಬಾರದೇ?"

"ನೀವು ಓದಿದೋರು ಸಾರ್, ನೀವೇ ಹೇಳಿ" ಎಂದು ಅವಳು ಪಕ್ಕಕ್ಕೆ ಸರಿದಳು.

ಬಾಗಿದೆ. ಒಳಗಿನಿಂದ ತಣ್ಣನೆಯ ಗಾಳಿ ಕೆನ್ನೆಗೆ ತಗುಲಿತು, ನಿಂತಿತು, ಮತ್ತೆ ತಗುಲಿತು, ಯಾರೋ ಹತ್ತಿರದಲ್ಲೇ ಉಸಿರಾಡುತ್ತಿರುವಂತೆ.

"ಬತ್ತಾವ್ಳೆ ಕಣಪ್ಪಾ" ಎಂದೆ.