ಹೆಸರು ಹೇಳಿದ ಬಯಲು

ನಮ್ಮ ಸೀಮೆಯ 'ಹೆಸರು ಹೇಳಿದ ಬಯಲ'ನ್ನು ಬೇಸಿಗೆಯಲ್ಲೇ ನೋಡಬೇಕು. ಕಣ್ಣು ಹಾಯುವವರೆಗೂ ಹುಲ್ಲುಕಡ್ಡಿ ಇಲ್ಲ, ಬರೀ ಉಪ್ಪು. ಹರಿದುಹೋಗಲು ದಾರಿಯಿಲ್ಲದ ಮಳೆನೀರು ಇಲ್ಲೇ ನಿಂತು, ಬಿಸಿಲಿಗೆ ಆರಿ, ಮಣ್ಣಿನೊಳಗಿನ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಆ ಬಿಳಿ ಹಕ್ಕಳೆ ಜೇನುಹುಟ್ಟಿನ ಹಾಗೆ ಬಿರಿದಿರುತ್ತದೆ. ಅದರ ಕೆಳಗೆ ಮಾತ್ರ ವರ್ಷವಿಡೀ ಆರದ ಕೆಸರು. ಬಂದವರೆಲ್ಲ ಬೆರಳಿಗೆ ಹಚ್ಚಿ ನೆಕ್ಕಿ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: ಯಾರ ಹೆಸರು, ಹೇಳಿದವರು ಯಾರು?

ಹಿಂದೆ ಒಮ್ಮೆ ಈ ದಂಡೆಯಲ್ಲಿ ಉಪ್ಪು ತೆಗೆಯುವವರ ಕೇರಿಯಿತ್ತಂತೆ. ನಡುಹಗಲಲ್ಲಿ ಬಿಸಿಲ್ಗುದುರೆ ಎದ್ದಿತೆಂದರೆ ಕೆಲಸ ನಿಲ್ಲಿಸುವ ಹೊತ್ತು. ಮೊದಲು ಕಂಡವರು "ಕುದುರಿ ಬಂತೋ!" ಎಂದು ಕೂಗುವರು, ಎಲ್ಲರೂ ಬುಟ್ಟಿ ಇಳಿಸಿ ನೆರಳಿಗೆ ಹೋಗುವರು. ಆ ಕೇರಿಯ ಸೊಸೆ ನೀಲವ್ವ. ಅವಳ ಗಂಡ ದುರಗಪ್ಪ ಉಪ್ಪು ಮಾರಲು ದೂರದ ಸಂತೆಗೆ ಹೊರಟಾಗ, "ಈ ಸಲ ಕುದುರಿ ಏರಿ ಬರ್ತೀನಿ ನೋಡ" ಎಂದಿದ್ದ. "ಬಿಸಲಗುದುರಿ ಏರಿ ಬರ್ತೀರೇನು?" ಎಂದು ಅವಳು ನಕ್ಕಿದ್ದಳು. ನಕ್ಕವಳೇ ಮರುದಿನದಿಂದ ಬಯಲು ನೋಡುತ್ತ ಕೂತಳು. ಬಿಸಿಲ್ಗುದುರೆ ಎದ್ದಾಗಲೆಲ್ಲ ಅವಳಿಗೆ ಗಂಡ ಬಂದಂತೆಯೇ ಕಾಣುತ್ತಿತ್ತು.

ಅವನು ಮಾತು ಉಳಿಸಿಕೊಂಡ. ಒಂದು ಮಧ್ಯಾಹ್ನ ಬಯಲಿನಾಚೆ ನಿಜವಾದ ಕುದುರೆ ಕಂಡಿತು. ಹುಟ್ಟಿದಾಗಿನಿಂದ ನಡೆದಾಡಿದ ನೆಲವೆಂದು ದುರಗಪ್ಪ ನೆಟ್ಟಗೆ ಬಂದ. ಮನುಷ್ಯನ ಭಾರ ತಾಳುವ ಹಕ್ಕಳೆ ಕುದುರೆಯ ಭಾರ ತಾಳಲಿಲ್ಲ. ಹೊಟ್ಟೆಯವರೆಗೆ ಹೂತ ಕುದುರೆಯಡಿ ಅವನ ಕಾಲು ಸಿಕ್ಕಿಕೊಂಡಿತು. ನೀಲವ್ವ "ಕುದುರಿ! ಕುದುರಿ!" ಎಂದು ಬಾಯಿ ಬಡಿದುಕೊಂಡಳು. ಕೇರಿಯವರು ಬುಟ್ಟಿ ಇಳಿಸಿ ನೆರಳಿಗೆ ನಡೆದರು. "ಅವರು ಬಂದಾರ, ಅವರು!" ಎಂದಳು. "ದಿನಾ ಬರ್ತಾನಲ್ಲವಾ ನಿನ್ನ ಗಂಡ, ಬಾ ನೆಳ್ಳಿಗೆ" ಎಂದಳು ಅತ್ತೆ. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ತಗ್ಗುತ್ತದೆಂದು ನಂಬಿ ಬೆಳೆದವಳು ನೀಲವ್ವ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು. ಮತ್ತೆ ನುಂಗಿದಳು. ಕೊನೆಗೆ "ದುರಗಪ್ಪಾ!" ಎಂದು ಕಿರುಚಿದಳು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಕೇಳಿದ ಮೇಲೆಯೇ ಕೇರಿ ಎದ್ದು ಓಡಿದ್ದು. ಅಷ್ಟರಲ್ಲಿ ಕೆಸರು ಮುಚ್ಚಿಕೊಂಡಿತ್ತು. ಮೊದಲೇ ಹೇಳಬೇಕಿತ್ತು ಎಂದು ಅತ್ತೂ ಅತ್ತೂ ಆಕೆ ಸವೆದುಹೋದಳು ಎನ್ನುತ್ತಾರೆ.

ಇಂದಿಗೂ ನಡುಬಯಲಲ್ಲಿ ಒಂದು ಜಾಗ ಕಡುಬೇಸಿಗೆಯಲ್ಲೂ ಬೆಳ್ಳಗಾಗದೆ ತೇವವಾಗಿಯೇ ಇದೆ. ಊರಿಗೆ ಬಂದ ಹೊಸ ಸೊಸೆಯನ್ನು ಮೊದಲು ಈ ದಂಡೆಗೆ ಕರೆತರುತ್ತಾರೆ. ಪದ್ಯದಲ್ಲಿ ಹೆಸರು ಹುದುಗಿಸುವ ಒಡಪಿಲ್ಲ, ನಾಚಿಕೆಯಿಲ್ಲ, ಗಂಟಲು ಬಿಚ್ಚಿ ಗಂಡನ ಹೆಸರು ಕೂಗಬೇಕು. ಅವನು ದಂಡೆಗುಂಟ ಒಂದು ಕೂಗಳತೆ ದೂರ ಹೋಗಿ ನಿಂತಿರುತ್ತಾನೆ. ಅಲ್ಲಿಂದ "ಓ" ಎಂಬ ದನಿ ಬರುವ ತನಕ ಈಚೆ ನಿಂತ ಹೆಂಗಸರು ಯಾರೂ ಮಾತಾಡುವುದಿಲ್ಲ.