ಆಚೆಯ ಗೆರೆ

"ಸರ್, ಓಟದಲ್ಲಿ ದಿನವೂ ಕೊನೆಗೆ ಬರುವವಳನ್ನು ತಂಡದಿಂದ ಬಿಟ್ಟರೆ ತಪ್ಪೇ?"

ಕೇಳಿದವಳು ದಾಕ್ಷಾಯಣಿ. ಜಿಲ್ಲೆಯ ಹೆಣ್ಣುಮಕ್ಕಳ ನೆಟ್‌ಬಾಲ್ ತಂಡಕ್ಕೆ ಆ ವರ್ಷವಷ್ಟೇ ತರಬೇತುದಾರಳಾಗಿದ್ದಳು. ಅವಳ ಕೈಯಲ್ಲಿ ಆಟಗಾರ್ತಿಯರ ಪಟ್ಟಿ ಇತ್ತು. ಒಂದು ಹೆಸರಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಿದ್ದಳು. ಸಂಜೆಯೊಳಗೆ ಪಟ್ಟಿ ಕಳಿಸಬೇಕಿತ್ತು.

ಅವಳಿಗೆ ಆಟ ಕಲಿಸಿದವರು ಕಲ್ಲಪ್ಪ ಮಾಸ್ತರರು. ನಿವೃತ್ತರಾದ ಡ್ರಿಲ್ ಮಾಸ್ತರರು, ಹೆಚ್ಚು ಮಾತಿನವರಲ್ಲ. ಪಟ್ಟಿಯನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಕೂಡು ಎಂದರು. ಅವಳು ಕೂತ ಮೇಲೆ ಒಂದು ಕತೆ ಹೇಳಿದರು.

ಒಬ್ಬ ತರಬೇತುದಾರನಿದ್ದ. ಅವನ ತಂಡ ಮೂರು ವರ್ಷ ಫೈನಲ್ ಪಂದ್ಯಕ್ಕೆ ಹೋಗಿತ್ತು. ಮೂರು ವರ್ಷವೂ ಪಕ್ಕದ ಜಿಲ್ಲೆಯವರ ಕೈಲಿ ಸೋತಿತ್ತು. ಸೋತ ರೀತಿಯೂ ಒಂದೇ. ಹದಿನೈದು ನಿಮಿಷದ ನಾಲ್ಕು ಅವಧಿಗಳಲ್ಲಿ ಮೂರರವರೆಗೆ ಅವನ ಹುಡುಗಿಯರು ಮುಂದಿರುತ್ತಿದ್ದರು. ನಾಲ್ಕನೆಯದರಲ್ಲಿ ಚೆಂಡು ಅವರ ಕೈಯಿಂದ ಸೋರಿ ಹೋಗುತ್ತಿತ್ತು.

ಉಸಿರು ಸಾಲದು ಎಂದು ಅವನು ತೀರ್ಮಾನಿಸಿದ. ಮೈದಾನದ ಎರಡು ತುದಿಗೆ ಎರಡು ಸುಣ್ಣದ ಗೆರೆ ಎಳೆದಿದ್ದ. ಆಚೆಯ ಗೆರೆ ಮುಟ್ಟಿ ಈಚೆಯ ಗೆರೆಗೆ ಬಂದರೆ ಒಂದು ಸುತ್ತು. ಮೊದಲ ವರ್ಷ ಹತ್ತು ಸುತ್ತು ಓಡಿಸಿದ. ಸೋತ ಮೇಲೆ ಇಪ್ಪತ್ತು ಮಾಡಿದ. ಮತ್ತೆ ಸೋತ ಮೇಲೆ ಮೂವತ್ತು. ನಾಲ್ಕನೆಯ ವರ್ಷ ನಲವತ್ತು ಎಂದಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆದರೂ ಓಡಿದರು. ಅವನು ಗಡಿಯಾರ ಹಿಡಿದು ಈಚೆಯ ಗೆರೆಯ ಬಳಿ ನಿಂತು ಹೊತ್ತು ಬರೆದುಕೊಳ್ಳುತ್ತಿದ್ದ.

ಆ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಓಟದಲ್ಲಿ ಎಂದೂ ಕೊನೆಯವಳೇ. ಉಳಿದವರು ಅವಳನ್ನು ಕೊನೆ ಬಸ್ಸು ಎಂದು ಕರೆಯುತ್ತಿದ್ದರು. ಅವಳು ಬರುವ ಹೊತ್ತಿಗೆ ಅವರೆಲ್ಲ ನೀರು ಕುಡಿದು ಕೂತು, ಬಸ್ಸು ಬಂತು ಸೀಟು ಹಿಡಿಯಿರೇ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಪಂದ್ಯಾವಳಿಗೆ ನಲವತ್ತು ದಿನ ಉಳಿದಾಗ ತರಬೇತುದಾರ ಪಟ್ಟಿ ಬರೆಯಲು ಕೂತ. ಹದಿಮೂರು ಹುಡುಗಿಯರಿದ್ದರು, ಹನ್ನೆರಡು ಹೆಸರಿಗೆ ಜಾಗವಿತ್ತು. ಅವನಿಗೆ ಯೋಚಿಸುವ ಕೆಲಸವೇ ಇರಲಿಲ್ಲ. ಕೊನೆಯವಳ ಹೆಸರು ಹೊಡೆದ. ಬೆಳಿಗ್ಗೆ ಓಟ ಮುಗಿದ ಮೇಲೆ ಎಲ್ಲರೆದುರು ಓದುವುದೆಂದುಕೊಂಡ.

ಆ ಬೆಳಿಗ್ಗೆ ಧೂಳು ಅಡಗಲೆಂದು ಮೈದಾನಕ್ಕೆ ನೀರು ಹೊಡೆದಿದ್ದರು. ಓಟ ಮುಗಿಯಿತು. ಆಚೆಯ ಗೆರೆ ಅರ್ಧ ಅಳಿಸಿತ್ತು. ಪಟ್ಟಿ ಓದುವ ಮುಂಚೆ ಗೆರೆ ತಿದ್ದೋಣವೆಂದು ಅವನು ಸುಣ್ಣದ ಬುಟ್ಟಿ ಹಿಡಿದು ಆ ತುದಿಗೆ ಹೋದ. ಅಷ್ಟು ವರ್ಷಗಳಲ್ಲಿ ಅವನು ಆ ತುದಿಗೆ ಹೋಗುತ್ತಿದ್ದದ್ದು ಸುಣ್ಣ ಹಾಕಲು ಮಾತ್ರ, ಅದೂ ಓಟಕ್ಕೆ ಮುಂಚೆ.

ಹಸಿ ನೆಲದಲ್ಲಿ ಹೆಜ್ಜೆಗಳು ಮೂಡಿದ್ದವು. ಬಂಡಿ ತಿರುಗಿಸಿದ ಹಾಗೆ ಎಲ್ಲರೂ ಅಗಲವಾಗಿ ಸುತ್ತು ಹಾಕಿ ತಿರುಗಿದ್ದರು. ಕೆಲವರು ಗೆರೆಯನ್ನು ದಾಟಿ ಹೋಗಿದ್ದರು. ಕೆಲವರು ಗೆರೆಯ ತನಕ ಬಂದೇ ಇರಲಿಲ್ಲ. ಒಂದು ಜೊತೆ ಪಾದ ಮಾತ್ರ ಗೆರೆಯ ಮೇಲೆಯೇ ಊರಿತ್ತು. ನಲವತ್ತು ಸಲ ಅಲ್ಲೇ ಊರಿ ಊರಿ ಅಂಗೈ ಆಳದ ಗುಳಿ ಬಿದ್ದಿತ್ತು.

ಅವನು ಎಲ್ಲರನ್ನೂ ಕೂಗಿ ಕರೆದ. ಈ ಹೆಜ್ಜೆ ಯಾರದು ಎಂದು ಕೇಳಿದ. ಒಬ್ಬೊಬ್ಬರಿಗೂ ಪಾದ ಇಟ್ಟು ನೋಡಲು ಹೇಳಿದ. ಯಾರ ಪಾದವೂ ಕೂಡಲಿಲ್ಲ. ಹಿಂದೆ ನಿಂತಿದ್ದ ಕೊನೆ ಬಸ್ಸು ಮುಂದೆ ಬಂದಳು. ಪಾದ ಕೂತಿತು.

"ಇವರ ಹಾಗೆ ಸುತ್ತಿ ಬರಬಾರದಿತ್ತೇ? ಬೇಗ ಮುಗಿಯುತ್ತಿತ್ತಲ್ಲ" ಎಂದ ತರಬೇತುದಾರ.

"ಗೆರೆ ಮುಟ್ಟಿ ಬನ್ನಿ ಅಂದಿದ್ದಿರಿ ಸರ್, ಮುಟ್ಟಿ ಬಂದೆ. ಚೆಂಡು ಹಿಡಿದ ಮೇಲೆ ಹೀಗೆ ಸುತ್ತಿ ಬಂದರೆ ಸೀಟಿ ಊದುತ್ತಾರಲ್ಲ?"

ಅವನು ಬುಟ್ಟಿ ಕೆಳಗಿಟ್ಟ. ನೆಟ್‌ಬಾಲಿನಲ್ಲಿ ಚೆಂಡು ಹಿಡಿದವಳು ಓಡುವಂತಿಲ್ಲ. ನೆಲಕ್ಕೆ ಇಳಿದ ಕಾಲನ್ನು ಎತ್ತಿ ಮತ್ತೆ ಊರುವಂತಿಲ್ಲ. ಎಷ್ಟೇ ಜೋರಾಗಿ ಬಂದಿರಲಿ, ಅಲ್ಲೇ ನಿಲ್ಲಬೇಕು, ಮೂರು ಸೆಕೆಂಡಿನೊಳಗೆ ಚೆಂಡು ಕೊಡಬೇಕು. ಇದನ್ನು ಅವನು ಊರಿಗೆಲ್ಲ ಕಲಿಸಿದ್ದ.

ಅವನು ಶೂ ಬಿಗಿದು ತಾನೇ ಓಡಿದ. ಗೆರೆಯ ಮೇಲೆ ಗಕ್ಕನೆ ನಿಂತ, ತಿರುಗಿದ, ಮತ್ತೆ ಓಡಿದ. ನಾಲ್ಕು ಸಲ ಸಲೀಸಾಗಿ ಆಯಿತು. ಏಳನೆಯ ಸಲ ತೊಡೆ ನಡುಗಿತು. ಒಂಬತ್ತನೆಯ ಸಲ ಮೊಣಕಾಲು ಹಿಡಿತಕ್ಕೆ ಸಿಗಲಿಲ್ಲ. ಗೆರೆ ದಾಟಿ ಮೂರು ಹೆಜ್ಜೆ ಹೋಗಿ ನೆಲಕ್ಕೆ ಕುಕ್ಕರಿಸಿದ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಕೂತಲ್ಲೇ ಅವನಿಗೆ ಮೂರು ಫೈನಲ್‌ಗಳ ಕೊನೆಯ ಅವಧಿ ನೆನಪಾಯಿತು. ಕಾಲು ಜಾರಿತು, ಸೀಟಿ. ಹೆಜ್ಜೆ ಎತ್ತಿದಳು, ಸೀಟಿ. ಅವನ ಹುಡುಗಿಯರಿಗೆ ಉಸಿರು ಬೇಕಾದಷ್ಟಿತ್ತು. ಅವರ ಕಾಲಿಗೆ ನಿಲ್ಲುವ ಕಸುವಿರಲಿಲ್ಲ.

ಅಂದು ಅವನು ಪಟ್ಟಿ ಓದಲಿಲ್ಲ. ಗಡಿಯಾರವನ್ನು ಕಿಸೆಗೆ ಹಾಕಿದ. ನಲವತ್ತು ಸುತ್ತನ್ನು ಹನ್ನೆರಡಕ್ಕೆ ಇಳಿಸಿದ. ಹನ್ನೆರಡರಲ್ಲೂ ಗೆರೆಯ ಮೇಲೆ ನಿಲ್ಲಬೇಕು, ಜಾರಿದವಳ ಸುತ್ತು ಲೆಕ್ಕಕ್ಕಿಲ್ಲ ಎಂದ. ಮೊದಲ ದಿನ ಹನ್ನೆರಡು ಮುಗಿಸಿದವಳು ಒಬ್ಬಳೇ. ಉಳಿದವರು ಮರುದಿನ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದು ಇಳಿದರು. ಸೊಂಟ ತಗ್ಗಿಸಿ, ಮಂಡಿ ಬಗ್ಗಿಸಿ, ಸದ್ದಿಲ್ಲದೆ ಇಳಿಯುವುದನ್ನು ಕೊನೆ ಬಸ್ಸು ಅವರಿಗೆ ತೋರಿಸಿಕೊಟ್ಟಳು. ಪಕ್ಕದ ಜಿಲ್ಲೆಯ ತರಬೇತುದಾರ ಒಂದು ದಿನ ನೋಡಲು ಬಂದ. ನಿಲ್ಲುವುದನ್ನು ಕಲಿಸುತ್ತಿದ್ದೀಯಾ, ಅದು ನಮ್ಮ ಮನೆಯ ಎಮ್ಮೆಗೂ ಬರುತ್ತದೆ ಎಂದು ನಕ್ಕು ಹೋದ.

ನಾಲ್ಕನೆಯ ಸಲವೂ ಫೈನಲ್‌ನಲ್ಲಿ ಅದೇ ಎರಡು ತಂಡ. ಮೂರು ಅವಧಿ ಮುಗಿದಾಗ ಪಕ್ಕದ ಜಿಲ್ಲೆಯವರು ನಾಲ್ಕು ಗೋಲು ಮುಂದಿದ್ದರು. ಈ ಸಲ ಹಿಂದೆ ಬಿದ್ದಿದ್ದಾರೆ, ಕತೆ ಮುಗಿಯಿತು ಎಂದು ಜನ ಎದ್ದರು. ಕೊನೆಯ ಅವಧಿ ಶುರುವಾಯಿತು. ಸೀಟಿ ಕೇಳಿತು. ಪಕ್ಕದ ಜಿಲ್ಲೆಯ ಹುಡುಗಿಯ ಕಾಲು ಜಾರಿತ್ತು. ಮತ್ತೆ ಕೇಳಿತು. ಮತ್ತೆ ಅವರದೇ ಕಾಲು. ಇವರು ಓಡಿ ಬಂದರು, ಇಳಿದರು, ನಿಂತರು, ಕೊಟ್ಟರು. ಎದ್ದ ಜನ ಮತ್ತೆ ಕೂತರು. ಒಂದೊಂದೇ ಗೋಲು ತೀರಿ ಎರಡೂ ಕಡೆ ಸಮವಾಯಿತು.

ಹತ್ತು ಸೆಕೆಂಡು ಉಳಿದಿತ್ತು. ಚೆಂಡು ಎತ್ತರಕ್ಕೆ ಹಾರಿ ಅಂಗಳದ ಅಂಚಿಗೆ ಹೋಯಿತು. ಇಬ್ಬರು ಅದರ ಹಿಂದೆ ಓಡಿ ಹಾರಿದರು. ಒಬ್ಬಳು ಎದುರಾಳಿ, ಇನ್ನೊಬ್ಬಳು ಕೊನೆ ಬಸ್ಸು. ಎದುರಾಳಿ ಬಂದ ಭರಕ್ಕೆ ಗೆರೆ ದಾಟಿ ಹೊರಗೆ ಹೋಗಿ ಬಿದ್ದಳು. ಕೊನೆ ಬಸ್ಸು ಚೆಂಡು ಹಿಡಿದು ಒಂಟಿ ಕಾಲಿನ ಮೇಲೆ ಗೆರೆಯ ಒಳಗೆ, ಬೆರಳಗಲದಲ್ಲಿ ಇಳಿದಳು. ಮೈ ಪೂರ್ತಿ ಹೊರಕ್ಕೆ ವಾಲಿತು. ತರಬೇತುದಾರ ಬಾಯೊಳಗೇ ಒಂದು ಎಂದ, ಎರಡು ಎಂದ. ಕಾಲು ಅಲುಗಲಿಲ್ಲ. ಚೆಂಡು ಅವಳ ಕೈಬಿಟ್ಟು ಗೋಲು ಹಾಕುವವಳ ಕೈ ಸೇರಿತು. ಅವಳ ಕೈಯಿಂದ ರಿಂಗಿನೊಳಗೆ ಇಳಿಯಿತು. ಆಟ ಮುಗಿದ ಸೀಟಿ ಕೇಳಿತು.

ಹನ್ನೊಂದು ಹುಡುಗಿಯರು ಓಡಿ ಬಂದು ಕೊನೆ ಬಸ್ಸನ್ನು ಹೆಗಲ ಮೇಲೆ ಎತ್ತಿದರು. ಮೈದಾನವನ್ನು ಮೂರು ಸುತ್ತು ಹಾಕಿದರು. ಆ ಮೂರು ಸುತ್ತಿನಲ್ಲಿ ಯಾರಿಗೂ ದಣಿವಾಗಲಿಲ್ಲ.

ಕಲ್ಲಪ್ಪ ಮಾಸ್ತರರು ಕತೆ ನಿಲ್ಲಿಸಿದರು. ದಾಕ್ಷಾಯಣಿಯ ಮುಖ ಅರಳಿತ್ತು. ಕತೆ ಬಹಳ ಚೆನ್ನಾಗಿದೆ ಎಂದಳು. ಆದರೆ ತನ್ನ ತಂಡದ ಹುಡುಗಿಯ ಮಾತು ಬೇರೆ, ಹದಿನೈದು ದಿನ ತಾನೇ ಗಡಿಯಾರ ಹಿಡಿದು ನಿಂತು ನೋಡಿದ್ದೇನೆ, ಅವಳು ನಿಜಕ್ಕೂ ನಿಧಾನ ಎಂದಳು.

ಮಾಸ್ತರರು ಕೇಳಿದರು:

"ಯಾವ ಗೆರೆಯ ಹತ್ತಿರ ನಿಂತಿದ್ದೆ, ತಂಗಿ?"

ದಾಕ್ಷಾಯಣಿ ಪಟ್ಟಿ ಮಡಿಸಿ ಎದ್ದು ಮೈದಾನದ ಕಡೆ ನಡೆದಳು.