ಕೊಟ್ಟಿಗೆಯಲ್ಲಿ ಗೆದ್ದ ಕೋಣ

ನಾಳೆ ಕಂಬಳವಿರುವಾಗ ಇವತ್ತು ನಿದ್ದೆಯೇ ಎಂದುಕೊಂಡು ದೂಜನೆಂಬ ಕೋಣ ಕಣ್ಣು ಮುಚ್ಚಲಿಲ್ಲ. ರಾತ್ರಿಯಿಡೀ ಕೊಟ್ಟಿಗೆಯಲ್ಲಿ ನಿಂತಲ್ಲೇ ಮನಸ್ಸಿನೊಳಗೆ ಓಡಿತು, ಗೆದ್ದಿತು, ಮತ್ತೆ ಓಡಿತು. ಜೊತೆಯ ಕೋಣ ಕಾಟಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿತ್ತು.

ಬೆಳಿಗ್ಗೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಓಡಿಸಿದರು. ಕೆಸರುಗದ್ದೆಯ ನಡುವೆ ದೂಜ ಗಕ್ಕನೆ ನಿಂತಿತು. ನೊಗ ಜಗ್ಗಿ ಕಾಟಿಯೂ ಮುಗ್ಗರಿಸಿತು. ಎದುರಾಳಿ ಜೋಡಿ ನೀರು ಚಿಮ್ಮಿಸುತ್ತ ಮುಂದೆ ಹೋಯಿತು.

"ಯಾಕೆ ನಿಂತೆ ಮಾರಾಯ?" ಎಂದಿತು ಕಾಟಿ.

ದೂಜನಿಗೆ ಎಲ್ಲವೂ ಗೋಜಲು. "ರಾತ್ರಿಯೆಲ್ಲ ಓಡಿ ನಾವು ಆಗಲೇ ಗೆದ್ದೆವಲ್ಲ? ಈ ಜನ ಇನ್ನೂ ಯಾಕೆ ಬೊಬ್ಬೆ ಹಾಕುತ್ತಿದ್ದಾರೆ? ಇದು ಎಷ್ಟನೆಯ ಓಟ?"

"ನನಗೆ ಇದೇ ಮೊದಲನೆಯದು," ಎಂದಿತು ಕಾಟಿ ಕೆಸರು ಕೊಡವುತ್ತ. "ರಾತ್ರಿಯೆಲ್ಲ ಗೆಲ್ಲುವಾಗ ನನ್ನನ್ನು ಎಬ್ಬಿಸಲಿಲ್ಲ. ಸೋಲುವಾಗ ಮಾತ್ರ ಜೊತೆಗೆ ಎಳೆದುಕೊಂಡೆಯಲ್ಲ!"